ಆದಾಮನಲ್ಲಿ ಎಲ್ಲರೂ ಬಿದ್ದರು, ಕ್ರಿಸ್ತನಲ್ಲಿ ಎಲ್ಲರೂ ಏಳುತ್ತಾರಾ?

ಗಾಯತ್ರಿಪುರಂ: ಕೊನೆಗೆ ಎಲ್ಲರೂ ರಕ್ಷಣೆ ಹೊಂದುತ್ತಾರೆ ಅನ್ನೋಕೆ ಬೈಬಲಿನಲ್ಲಿ ಪೌಲ ಬರೆದ ರೋಮಾ ಪತ್ರ 5:18 ನೋಡಿ. ಒಬ್ಬನ ಅಪರಾಧದಿಂದ ಎಲ್ಲರಿಗೂ ದಂಡನೆ, ಒಬ್ಬನ ನೀತಿಯಿಂದ ಎಲ್ಲರಿಗೂ ಜೀವ. ಮೊದಲನೇ ‘ಎಲ್ಲರೂ’ ಇಡೀ ಮನುಕುಲ, ಎರಡನೇದು ಬರೀ ವಿಶ್ವಾಸಿಗಳು ಅಂದರೆ ಪೌಲನ ಹೋಲಿಕೆಯೇ ನಿಲ್ಲಲ್ಲ.

ಮಂಡ್ಯದ ಸಭೆಯವ: ಬ್ರದರ್, 18ಕ್ಕೆ ಹೋಗೋ ಮುಂಚೆ 17 ಓದಿ. ಅಲ್ಲಿ ಜೀವದಲ್ಲಿ ಆಳುವವರು ಕೃಪೆಯನ್ನು ಹೊಂದಿದವರು. ಆದಾಮನ ಮರಣ ಹುಟ್ಟಿನಿಂದಲೇ ಬರುತ್ತೆ, ವರವನ್ನು ಕೈಚಾಚಿ ತಗೋಬೇಕು. ಮತ್ತಾಯ 25:46ರಲ್ಲಿ ನಿತ್ಯದಂಡನೆ, ನಿತ್ಯಜೀವ ಒಂದೇ ವಾಕ್ಯದಲ್ಲಿವೆ. ಒಂದಕ್ಕೆ ಕೊನೆ ಇಟ್ಟರೆ ಇನ್ನೊಂದಕ್ಕೂ ಇಡಬೇಕಾಗುತ್ತೆ. ಪ್ರಾಚೀನ ಸಭೆಯ ಗುರು ಆಗಸ್ಟೀನನ ವಾದವೂ ಇದೇ. ಎಲ್ಲರೂ ಕೊನೆಗೆ ದೇವರಿಗೆ ಮರಳುವರು ಅಂತ ಕಲಿಸಿದ ಪ್ರಾಚೀನ ಬೋಧಕ ಒರಿಜೆನ್‌ನನ್ನು 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಖಂಡಿಸಿ ಆಗಿದೆ.

ಗಾಯತ್ರಿಪುರಂ: ಖಂಡಿಸಿದ್ದು ಏನನ್ನು ಅಂತ ನೋಡಬೇಕಲ್ವಾ? ಆ ಕಾಲದ 15 ಖಂಡನೆಗಳಲ್ಲಿ ಮೊದಲನೆಯದೇ, ಆತ್ಮಗಳು ದೇಹಕ್ಕಿಂತ ಮುಂಚೆ ಇದ್ದವು ಅನ್ನೋ ಕಲ್ಪನೆಯನ್ನೂ ಅದರಿಂದ ಹುಟ್ಟುವ ಪುನಃಸ್ಥಾಪನೆಯನ್ನೂ (ಎಲ್ಲರೂ ಮೊದಲಿನ ಸ್ಥಿತಿಗೆ ಮರಳುವುದು) ಒಟ್ಟಿಗೆ ಹಿಡಿಯುತ್ತೆ. ನಾಲ್ಕನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗೊರಿ ಆ ಪೂರ್ವಾಸ್ತಿತ್ವವನ್ನು ಒಪ್ಪಲಿಲ್ಲ, ಆದರೂ ಎಲ್ಲರೂ ಮರಳುವರು ಅಂತ ಬರೆದ. ಅವನನ್ನು ಯಾವ ಮಹಾಸಭೆಯೂ ಖಂಡಿಸಿಲ್ಲ. ಕೆಟ್ಟದ್ದು ದೇವರ ಸೃಷ್ಟಿಯಲ್ಲ, ಅದಕ್ಕೆ ಮಿತಿ ಇದೆ. ಬೆಂಕಿ ಚಿನ್ನದಿಂದ ಕಲಬೆರಕೆಯನ್ನು ತೆಗೆಯುವ ಹಾಗೆ ಶಿಕ್ಷೆ ಶುದ್ಧಿ ಮಾಡುತ್ತೆ ಅಂತ ಅವನ ತರ್ಕ.

ವೆಸ್ಲಿ ಪರಂಪರೆ, ಮೈಸೂರು: ಇಬ್ಬರೂ ಒಂದನ್ನು ಬಿಟ್ಟಿರಿ. ಕೃಪೆ ಎಲ್ಲರಿಗೂ ಅನ್ನೋದು ಬೇರೆ, ಎಲ್ಲರೂ ರಕ್ಷಣೆ ಹೊಂದುತ್ತಾರೆ ಅನ್ನೋದು ಬೇರೆ. 1739ರಲ್ಲಿ ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಪೂರ್ವನಿರ್ಣಯವನ್ನು, ಅಂದರೆ ಯಾರು ಉಳಿಯಬೇಕು ಅಂತ ದೇವರು ಮೊದಲೇ ಗೊತ್ತುಮಾಡಿದ್ದಾನೆ ಅನ್ನೋದನ್ನು, ಎದುರಿಸಿ, ಕೃಪೆ ಎಲ್ಲರಿಗೂ ಉಚಿತ ಅಂತ ಪ್ರಸಂಗ ಮಾಡಿದ, ನರಕದ ಬೋಧನೆಯನ್ನು ಮಾತ್ರ ಬಿಡಲಿಲ್ಲ. ಬೇಡ ಅನ್ನುವವನನ್ನು ಎಳೆದು ತಂದರೆ ಅದು ಪ್ರೀತಿಯಾಗಲ್ಲ.

ಗಾಯತ್ರಿಪುರಂ: ಸ್ವಾತಂತ್ರ್ಯವನ್ನು ಕೊಟ್ಟವನು ಯಾರು? ನನ್ನ ಪ್ರಕಾರ ಜಗಳ ನರಕದ್ದಲ್ಲ, ಸೃಷ್ಟಿಯದ್ದು. ದೇವರು ಯಾವ ಒತ್ತಾಯವೂ ಇಲ್ಲದೆ, ಕೊನೆ ಏನಾಗುತ್ತೆ ಅಂತ ಗೊತ್ತಿದ್ದೇ ಶೂನ್ಯದಿಂದ ಸೃಷ್ಟಿಸಿದ. ಒಬ್ಬನೇ ಒಬ್ಬ ಶಾಶ್ವತವಾಗಿ ಕಳೆದುಹೋದರೂ, ಆ ನಷ್ಟ ಒಪ್ಪಿಕೊಂಡೇ ‘ಬಹು ಒಳ್ಳೆಯದು’ ಅಂದ ಹಾಗಾಯಿತು. ಆದಿಕಾಂಡ 1:31ನ್ನು ಆಗ ಹೇಗೆ ಓದೋದು?

ಬನ್ನಿಮಂಟಪ ಕಥೋಲಿಕ: ನಮ್ಮ ಧರ್ಮಸಭೆ ಹೇಳೋದು ಸ್ಪಷ್ಟ. ನಮ್ಮ ಬೋಧನೆಯ ಅಧಿಕೃತ ಗ್ರಂಥವಾದ ಧರ್ಮೋಪದೇಶದ 1035ನೇ ಅಂಕಣ ನರಕ ನಿತ್ಯ ಅನ್ನುತ್ತೆ. 1037, ದೇವರು ಯಾರನ್ನೂ ನರಕಕ್ಕೆ ನೇಮಿಸಲ್ಲ ಅನ್ನುತ್ತೆ. 1058, ಯಾರೂ ನಾಶವಾಗಬಾರದೆಂದು ಪ್ರಾರ್ಥಿಸುತ್ತೆ. ಜಪಸರದಲ್ಲಿ ಪ್ರತಿ ಹತ್ತು ಮಣಿ ಮುಗಿದ ಮೇಲೆ, ಎಲ್ಲ ಆತ್ಮಗಳನ್ನೂ ಸ್ವರ್ಗಕ್ಕೆ ಸೇರಿಸು ಅಂತ ಬೇಡ್ತೀವಲ್ಲ, ಅದು ಬಾಯಿಮಾತಲ್ಲ. ಹಾಗಂತ ಆಗೇ ತೀರುತ್ತೆ ಅಂತ ಬೋಧಿಸೋ ಹಕ್ಕು ನಮಗಿಲ್ಲ.

ಗಾಯತ್ರಿಪುರಂ: ಒಪ್ಪಿದೆ, ನಿರೀಕ್ಷೆ ಅಂತಲೇ ಇಟ್ಟುಕೊಳ್ಳೋಣ. ಆದರೆ ಪ್ರಕಟನೆ 21:25ರಲ್ಲಿ ಆ ಪಟ್ಟಣದ ಬಾಗಿಲುಗಳನ್ನು ಮುಚ್ಚೋದೇ ಇಲ್ಲ.

ಮಂಡ್ಯದ ಸಭೆಯವ: 22:15ನ್ನೂ ಓದಿ ಬ್ರದರ್. ಬಾಗಿಲು ತೆರೆದಿದ್ದರೂ ಹೊರಗೆ ಇರುವವರು ಇದ್ದಾರೆ.