ವೆಬ್ ಆ್ಯಪ್‌ಗೆ ರೂಟ್ ಯೂಸರ್ ಹಾಕಿದ್ದೇನೆ, ಅಪಾಯನಾ?

ಪ್ರಶ್ನೆ: ನಮಸ್ಕಾರ ಸರ್. ಕಲಬುರಗಿ ಗಂಜಿನಲ್ಲಿ ನಮ್ಮ ಕಾಕಾನ ಅಡತಿ ಅಂಗಡಿ ಇದೆ. ತೊಗರಿ ಎಷ್ಟು ಚೀಲ ಬಂತು, ಯಾವ ರೈತರಿಗೆ ಎಷ್ಟು ಕೊಡಬೇಕು ಅನ್ನೋ ಲೆಕ್ಕಕ್ಕೆ ನಾನೇ ಪಿಎಚ್‌ಪಿಯಲ್ಲಿ ಒಂದು ಆ್ಯಪ್ ಮಾಡಿದ್ದೇನೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ 8. ಎಲ್ಲಾ ಕಡೆ ರೂಟ್ ಯೂಸರ್ (ಎಲ್ಲಾ ಅಧಿಕಾರ ಇರುವ ಮುಖ್ಯ ಖಾತೆ) ಇದೆ, ಅದಿದ್ರೆ ಎರರ್ ಬರಲ್ಲ. ಗೆಳೆಯ ನೋಡಿ ಅಪಾಯ ಅಂದ. ನಿಜಾನಾ?

ಉತ್ತರ: ನಿಜ ತಮ್ಮಾ, ಇವತ್ತೇ ಬದಲಿಸು. ಯಾವುದೋ ಒಂದು ಸರ್ಚ್ ಬಾಕ್ಸ್‌ನಲ್ಲಿ ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ (ಹುಡುಕೋ ಪದದ ಜಾಗದಲ್ಲಿ ಡೇಟಾಬೇಸ್ ಆಜ್ಞೆ ತುರುಕೋದಕ್ಕೆ) ಸಂದಿ ಉಳಿದಿದ್ರೆ ಸಾಕು, ನುಗ್ಗಿದವನಿಗೂ ರೂಟ್ ಅಧಿಕಾರವೇ ಸಿಗುತ್ತದೆ, ಅದೇ ಸರ್ವರಿನ ಬೇರೆ ಡೇಟಾಬೇಸ್‌ಗಳನ್ನೂ ಓದಬಹುದು, ಅಳಿಸಬಹುದು.

ಆ್ಯಪ್‌ಗೆ ಅಂತಲೇ ಹೊಸ ಯೂಸರ್ ಮಾಡು. ಹೆಸರಾದ ಮೇಲೆ ಆ್ಯಟ್ ಲೋಕಲ್‌ಹೋಸ್ಟ್ ಹಾಕು, ಅಂದ್ರೆ ಅದೇ ಸರ್ವರಿನಿಂದ ಮಾತ್ರ ಲಾಗಿನ್. ಲೋಕಲ್‌ಹೋಸ್ಟ್ ಬದಲು ಪರ್ಸೆಂಟ್ ಗುರುತು ಹಾಕಿದ್ರೆ ಯಾವ ಕಂಪ್ಯೂಟರಿನಿಂದ ಬೇಕಾದ್ರೂ ಲಾಗಿನ್ ಆಗೋದಕ್ಕೆ ದಾರಿ ಬಿಟ್ಟ ಹಾಗೆ. ಆಮೇಲೆ ನಿನ್ನ ಡೇಟಾಬೇಸ್ ಒಂದಕ್ಕೇ ಸೆಲೆಕ್ಟ್ (ಓದೋದು), ಇನ್ಸರ್ಟ್ (ಸೇರಿಸೋದು), ಅಪ್‌ಡೇಟ್ (ತಿದ್ದೋದು) ಗ್ರಾಂಟ್ ಮಾಡು, ಅಂದ್ರೆ ಅನುಮತಿ ಕೊಡು. ಎಲ್ಲಾ ಅನುಮತಿ ಒಟ್ಟಿಗೇ ಕೊಡೋ ಗ್ರಾಂಟ್ ಆಲ್ ಬೇಡವೇ ಬೇಡ. ಮೈಎಸ್‌ಕ್ಯೂಎಲ್ ಕೇಳಿಸಿಕೊಳ್ಳೋ 3306 ಪೋರ್ಟ್ ಇಂಟರ್‌ನೆಟ್‌ಗೆ ತೆರೆದಿದ್ರೆ ಮುಚ್ಚು.

ಪ್ರಶ್ನೆ: ಡಿಲೀಟ್ ಇಲ್ಲದೆ ತಪ್ಪು ಬಿಲ್ ತೆಗೆಯೋದು ಹೇಗೆ ಸರ್? ಹೊಸ ಕಾಲಂ ಸೇರಿಸಬೇಕಾದ್ರೆ?

ಉತ್ತರ: ಖಾತೆ ಪುಸ್ತಕದಲ್ಲಿ ತಪ್ಪಾದ್ರೆ ನಿಮ್ಮ ಕಾಕಾ ಹಾಳೆ ಹರಿಯಲ್ಲ ಅಲ್ವಾ, ಗೆರೆ ಹೊಡೆದು ಪಕ್ಕದಲ್ಲಿ ಬರೆಯುತ್ತಾರೆ. ಹಾಗೇ ಬಿಲ್ ಟೇಬಲ್‌ನಲ್ಲಿ 'ರದ್ದು' ಅಂತ ಒಂದು ಕಾಲಂ ಇಡು. ಅಪ್‌ಡೇಟ್ ಅನುಮತಿಯನ್ನು ಆ ಕಾಲಂಗೆ ಮಾತ್ರ ಕೊಡಬಹುದು, ಆಗ ಬರೆದಿಟ್ಟ ದರವನ್ನು ಆ್ಯಪ್ ಮೂಲಕ ಯಾರೂ ತಿದ್ದೋಕಾಗಲ್ಲ. ರೈತರ ದುಡ್ಡಿನ ಲೆಕ್ಕ ಅದು, ಇಷ್ಟು ಜೋಪಾನ ಬೇಕು. ಆದರೆ ಡೇಟಾಬೇಸ್ ಪೂರ್ತಿಗೆ ಕೊಟ್ಟ ಅಪ್‌ಡೇಟ್ ಮೊದಲು ರಿವೋಕ್ ಮಾಡಿ (ವಾಪಸ್ ತಗೊಂಡು), ಬೇರೆ ಟೇಬಲ್‌ಗಳಿಗೆ ಒಂದೊಂದಾಗಿ ಕೊಡು. ಇಲ್ಲದಿದ್ರೆ ಆ ದೊಡ್ಡ ಅನುಮತಿಯೇ ನಡೆಯುತ್ತದೆ. ಯಾವ ಅನುಮತಿ ಉಳಿದಿದೆ ಅಂತ ಶೋ ಗ್ರಾಂಟ್ಸ್ ಹೊಡೆದು ನೋಡು.

ಕಾಲಂ ಸೇರಿಸೋದಕ್ಕೆ ಆಲ್ಟರ್ (ಟೇಬಲ್ ರಚನೆ ಬದಲಿಸೋ ಅನುಮತಿ) ಇರುವ ಬೇರೆ ಯೂಸರ್ ಇಟ್ಟುಕೋ. ಅದರ ಪಾಸ್‌ವರ್ಡ್ ಆ್ಯಪ್‌ನ ಫೈಲಿನಲ್ಲಿ ಇರಬಾರದು. ನಾನು ಒಮ್ಮೆ ಟೆಸ್ಟ್ ಅಂದುಕೊಂಡು ಲೈವ್ ಡೇಟಾಬೇಸ್‌ನಲ್ಲೇ ಟೇಬಲ್ ಡ್ರಾಪ್ ಮಾಡಿ ಅಳಿಸಿದ್ದೆ, ರೂಟ್ ಆಗಿದ್ದಕ್ಕೆ ಅದು ತಡೆಯಲೇ ಇಲ್ಲ. ರಾತ್ರಿಯೆಲ್ಲಾ ಚೀಟಿ ನೋಡಿ ಮತ್ತೆ ಎಂಟ್ರಿ ಮಾಡಬೇಕಾಯ್ತು.

ಪ್ರಶ್ನೆ: ಸರ್, ರೂಟ್ ಪಾಸ್‌ವರ್ಡ್ ಇದ್ದ ಕೋಡ್ ಗಿಟ್‌ಹಬ್‌ಗೂ (ಕೋಡ್ ಇಡೋ ವೆಬ್‌ಸೈಟ್) ಹಾಕಿದ್ದೆ. ಈಗ ಆ ಫೈಲ್ ತೆಗೆದಿದ್ದೇನೆ.

ಉತ್ತರ: ತೆಗೆದ್ರೂ ಹಳೆಯ ಕಮಿಟ್‌ನಲ್ಲಿ, ಅಂದ್ರೆ ಹಿಂದೆ ಸೇವ್ ಆದ ಪ್ರತಿಯಲ್ಲಿ, ಉಳಿದಿರುತ್ತದೆ. ಉಳಿದದ್ದೆಲ್ಲ ಆಮೇಲೆ, ಮೊದಲು ರೂಟ್ ಪಾಸ್‌ವರ್ಡ್ ಬದಲಿಸು.