ಕ್ಯಾನೊನೆಟ್ ಜಿ3 ಕ್ಯೂಎಲ್17: ‘ಎ’ಯಲ್ಲಿ ಬಟನ್ ಇಳಿಯಲ್ಲ, ‘ಎ’ ಬಿಟ್ಟರೆ ಟಿಕ್ ಅನ್ನುತ್ತೆ, ಬೆಳಕು ಮಾತ್ರ ಬೀಳಲ್ಲ

ಗಾಜುಗಣ್ಣು:

ಕ್ಯಾಮೆರಾ ಕ್ಯಾನನ್ ಕಂಪನಿಯ ಹಳೆ ಫಿಲ್ಮ್ ರೇಂಜ್‌ಫೈಂಡರ್, ಕ್ಯಾನೊನೆಟ್ ಜಿ3 ಕ್ಯೂಎಲ್17, 40 ಎಂಎಂ ಎಫ್1.7 ಲೆನ್ಸ್. ಒಳಗೆ ರೀಲ್ ಇಲ್ಲ. ಅಪರ್ಚರ್ (ಬೆಳಕು ಒಳಬರುವ ರಂಧ್ರ) ಬದಲಿಸುವ ರಿಂಗ್ ‘ಎ’ (ಆಟೊ) ಮೇಲಿದ್ದರೆ, ಲಿವರ್ ಎಳೆದ ಮೇಲೂ ಷಟರ್ ಬಟನ್ ಅರ್ಧಕ್ಕೇ ಗಟ್ಟಿಯಾಗಿ ನಿಲ್ಲುತ್ತೆ. ರಿಂಗನ್ನು 5.6ಕ್ಕೋ 8ಕ್ಕೋ ತಿರುಗಿಸಿದರೆ ಬಟನ್ ಪೂರ್ತಿ ಇಳಿಯುತ್ತೆ, ಸದ್ದೂ ಬರುತ್ತೆ, ಲಿವರ್ ಮತ್ತೆ ಎಳೆಯೋಕೂ ಆಗುತ್ತೆ. ಆದರೆ ಹಿಂಬಾಗಿಲು ತೆಗೆದು ನೋಡಿದರೆ ಲೆನ್ಸಿನಿಂದ ಒಂದು ಚುಕ್ಕಿ ಬೆಳಕೂ ಕಾಣಲ್ಲ. 500ರಿಂದ 4ರವರೆಗೆ (ಅಂದರೆ 1/500 ಸೆಕೆಂಡಿನಿಂದ 1/4 ಸೆಕೆಂಡಿನವರೆಗೆ) ಎಲ್ಲ ಸ್ಪೀಡಲ್ಲೂ ಇದೇ ಕಥೆ.

ವ್ಯೂಫೈಂಡರ್ ಒಳಗಿನ ಬೆಳಕಿನ ಮೀಟರಿನ ಮುಳ್ಳು ಅಲ್ಲಾಡಲ್ಲ. ಬ್ಯಾಟರಿ ಚೆಕ್ ಗುಂಡಿ ಒತ್ತಿದರೆ ದೀಪ ಹತ್ತಲ್ಲ. ಹಾಕಿರೋದು ಹೊಸ ಎಲ್‌ಆರ್44 ಗುಂಡಿ ಸೆಲ್, ಸಡಿಲ ಆಗದಿರಲಿ ಅಂತ ಸುತ್ತಲೂ ಅಲ್ಯುಮಿನಿಯಂ ಹಾಳೆ ಸುತ್ತಿದೆ. ಒಳಗೆ ಗೇರ್ ಮುರಿದಿದೆಯಾ?

ಹಳೇಲೆನ್ಸ್:

ಮುರಿದಿಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ತೊಂದರೆ ಒಟ್ಟಿಗೆ ಬಂದಿವೆ. ಎರಡನ್ನೂ ಕಲಸಿದರೆ ದಾರಿ ತಪ್ಪುತ್ತೆ, ಬಿಡಿಸಿ ನೋಡಿ.

ಮೊದಲನೆಯದು ‘ಎ’ಯಲ್ಲಿ ಬಟನ್ ಇಳಿಯದೇ ಇರೋದು. ಇದು ದೋಷವೇ ಅಲ್ಲ, ಈ ಕ್ಯಾಮೆರಾದ ಸ್ವಭಾವ. ‘ಎ’ಯಲ್ಲಿ ಸ್ಪೀಡ್ ನೀವು ಇಡ್ತೀರಿ, ಅಪರ್ಚರ್ ಮೀಟರಿನ ಮುಳ್ಳು ಆರಿಸುತ್ತೆ. ಬಟನ್ ಒತ್ತಿದಾಗ ಮುಳ್ಳು ಇರುವ ಜಾಗದಲ್ಲೇ ಸಿಕ್ಕಿಸಿ ಹಿಡಿಯಲಾಗುತ್ತೆ, ಅದು ನಿಂತ ಜಾಗದ ಪ್ರಕಾರ ಅಪರ್ಚರ್ ಮುಚ್ಚುತ್ತೆ. ಮುಳ್ಳು ಕೆಂಪು ಪಟ್ಟಿಯಲ್ಲಿದ್ದರೆ ಬಟನ್ ಲಾಕ್. ಸೆಲ್ ಸತ್ತಿದ್ದರೆ ಮುಳ್ಳು ಕೆಂಪು ಬಿಟ್ಟು ಏಳೋದೇ ಇಲ್ಲ. ಬೆಳಕಿನ ಕಣ್ಣು ಲೆನ್ಸಿನ ಮುಂದಿನ ರಿಂಗಿನಲ್ಲೇ, ಫಿಲ್ಟರ್ ಹಾಕುವ ಜಾಗದ ಒಳಗೆ ಇರೋದರಿಂದ ಮುಚ್ಚಳ ತೆಗೆಯಲು ಮರೆತರೂ ಇದೇ ಲಾಕ್. (ರೇಂಜ್‌ಫೈಂಡರ್‌ನಲ್ಲಿ ನಾವು ಲೆನ್ಸಿನ ಮೂಲಕ ನೋಡಲ್ಲ, ಹಾಗಾಗಿ ಮುಚ್ಚಳ ಹಾಕಿಕೊಂಡೇ ರೀಲು ಮುಗಿಸುವ ಅಪಾಯ ಇರೋದು ಗೊತ್ತಲ್ಲ. ಇದರಲ್ಲಿ ‘ಎ’ ಇದ್ದಷ್ಟು ಹೊತ್ತು ಆ ಭಯ ಇಲ್ಲ.)

ಎರಡನೆಯದು ಷಟರಿನ ಬ್ಲೇಡ್ ಅಂಟಿರೋದು. ಸ್ಪ್ರಿಂಗಿಗೆ ಕೀಲಿ ಬೀಳ್ತಿದೆ, ಬಿಡುಗಡೆನೂ ಆಗ್ತಿದೆ, ಅದಕ್ಕೇ ಸದ್ದು. ಆದರೆ ಹೆಲಿಕಾಯ್ಡ್ (ಫೋಕಸ್ ತಿರುಗಿಸುವ ತಿರುಪು) ಗ್ರೀಸಿನ ಎಣ್ಣೆಯಂಶ ವರ್ಷಗಟ್ಟಲೆ ತೆವಳಿ ಬಂದು ಬ್ಲೇಡುಗಳ ನಡುವೆ ಕೂತು ಗೋಂದಾಗಿರುತ್ತೆ. ಕೂದಲೆಳೆ ದಪ್ಪದ ತಗಡುಗಳು ಅವು, ಅವನ್ನು ತಳ್ಳುವ ಸ್ಪ್ರಿಂಗ್ ಇನ್ನೂ ನಾಜೂಕು. ಒಂದು ತೆಳು ಜಿಡ್ಡಿನ ಪದರವೇ ಸಾಕು ನಿಲ್ಲಿಸೋಕೆ.

ಬಿಚ್ಚುವ ಮೊದಲು ಒಂದು ನೋಡಿ: ಸೆಲ್ಫ್ ಟೈಮರ್ ಲಿವರ್ ಅರ್ಧದಲ್ಲಿ ನಿಂತಿದೆಯಾ? ನಿಂತಿದ್ದರೆ ಅದೂ ಷಟರನ್ನು ತಡೆಯುತ್ತೆ. ಬೆರಳಿಂದ ಮೆತ್ತಗೆ ಮೊದಲಿನ ಜಾಗಕ್ಕೆ ತನ್ನಿ. ಮತ್ತೆ ಅದನ್ನು ಮುಟ್ಟಬೇಡಿ, ಜಿಡ್ಡು ಹಿಡಿದ ಕ್ಯಾಮೆರಾದಲ್ಲಿ ಅದು ಮತ್ತೆ ನಡುವೆ ನಿಲ್ಲೋದು ಖಚಿತ.

ಟಿಕ್‌ಟಿಕ್:

ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರೆ ತಕ್ಷಣ ಬಿಟ್ಟುಕೊಳ್ಳುತ್ತಲ್ಲ? ಬಿಚ್ಚುವ ತಾಪತ್ರಯ ಯಾಕೆ?

ಹಳೇಲೆನ್ಸ್:

ದಯವಿಟ್ಟು ಬೇಡ. ಬ್ಲೇಡ್ ಒಣಗಿ ಓಡಬೇಕು, ಅಲ್ಲಿ ಎಣ್ಣೆಗೆ ಜಾಗವೇ ಇಲ್ಲ. ಎಣ್ಣೆ ಹಾಕಿದರೆ ಒಂದು ಗಂಟೆ ಚೆನ್ನಾಗಿ ಓಡಿ, ಆಮೇಲೆ ಎರಡು ಗಾಜು ಒದ್ದೆಯಾದಾಗ ಅಂಟಿಕೊಳ್ಳುವ ಹಾಗೆ ಬ್ಲೇಡುಗಳು ಅಂಟಿಕೊಳ್ಳುತ್ತವೆ. ತುಕ್ಕು ಬಿಡಿಸುವ ಸ್ಪ್ರೇ ಇನ್ನೂ ಕೆಟ್ಟದ್ದು, ಲೆನ್ಸಿನ ಒಳಮೈಗೂ ಮಂಜು ಹಿಡಿಸುತ್ತೆ.

ಬೇಕಾದ್ದು ಇಷ್ಟು: ಲೈಟರಿಗೆ ತುಂಬುವ ನಾಫ್ತಾ, ಬಿಗಿಯಾಗಿ ಸುತ್ತಿದ ಇಯರ್‌ಬಡ್, ಲೆನ್ಸ್ ಸ್ಪ್ಯಾನರ್ (ಲೆನ್ಸಿನ ರಿಂಗ್ ಬಿಚ್ಚುವ ಸಾಧನ), ಲೆನ್ಸಿನ ಅಗಲಕ್ಕೆ ಸರಿಹೊಂದುವ ರಬ್ಬರ್ ಬಿರಡೆ, ಗಾಳಿ ಊದುವ ರಬ್ಬರ್ ಬುರುಡೆ. ನಾಫ್ತಾ ಬೆಂಕಿಗೆ ಭಗ್ಗನೆ ಹತ್ತುವ ವಸ್ತು. ಕಿಟಕಿ ತೆಗೆದಿರಲಿ, ಒಲೆ ಆರಿರಲಿ.

ರಬ್ಬರ್ ಬಿರಡೆಯನ್ನು ಹೆಸರು ಬರೆದ ಮುಂದಿನ ರಿಂಗಿಗೆ ಒತ್ತಿ ಎಡಕ್ಕೆ ತಿರುಗಿಸಿ, ಬಿಚ್ಚಿಕೊಳ್ಳುತ್ತೆ. ಮೀಟರಿನ ಕಣ್ಣು, ಅದರ ವೈರ್ ಅಲ್ಲೇ ಪಕ್ಕದಲ್ಲಿವೆ, ಎಳೆಯಬೇಡಿ. ಆಮೇಲೆ ಸ್ಪ್ಯಾನರಿನಿಂದ ಮುಂದಿನ ಗಾಜಿನ ಗುಂಪನ್ನು ಬಿಚ್ಚಿ. ಸ್ಪ್ಯಾನರ್ ಜಾರಿದರೆ ಗಾಜಿಗೆ ಗೀರು, ಹಾಗಾಗಿ ಮೊದಲೇ ಗಾಜಿನ ಮೇಲೆ ದುಂಡಗೆ ಕತ್ತರಿಸಿದ ಕಾಗದ ಇಡಿ. ಈಗ ಷಟರ್ ಬ್ಲೇಡ್ ಎದುರಿಗೇ ಕಾಣುತ್ತೆ. ನೆಟ್ಟಗಿನ ಬೆಳಕಿನಲ್ಲಿ ಓರೆ ಮಾಡಿ ನೋಡಿ: ಬ್ಲೇಡ್ ಮಂಕು ಬೂದು ಬಣ್ಣ ಇರಬೇಕು. ಕಾಮನಬಿಲ್ಲಿನ ಹೊಳಪು ಕಂಡರೆ ಅದೇ ಎಣ್ಣೆ.

ಇಯರ್‌ಬಡ್‌ಗೆ ಒಂದೇ ಹನಿ ನಾಫ್ತಾ. ತೊಟ್ಟಿಕ್ಕುವಷ್ಟು ಹಾಕಿದರೆ ಕೊಳೆ ಕರಗಿ ಒಳಗಿನ ಗೇರಿಗೆ ಹೋಗುತ್ತೆ. ಬ್ಲೇಡುಗಳನ್ನು ನಡುವಿನಿಂದ ಅಂಚಿಗೆ ಮುಟ್ಟಿಯೂ ಮುಟ್ಟದ ಹಾಗೆ ಒರೆಸಿ. 250ರಲ್ಲಿ ಷಟರನ್ನು ಇಪ್ಪತ್ತು ಮೂವತ್ತು ಸಲ ಹೊಡೆಯಿರಿ. ಮೊದಮೊದಲು ಅರ್ಧ ತೆರೆದು ನಿಲ್ಲುತ್ತೆ, ಗಾಬರಿ ಬೇಡ, ಬೆರಳಲ್ಲಿ ತಳ್ಳಲೂ ಬೇಡ. ನಾಫ್ತಾ ಆರಿದ ಮೇಲೆ ಹೊಸ ಬಡ್. ಬಡ್ ಕಪ್ಪಾಗೋದು ನಿಲ್ಲುವವರೆಗೆ ಇದೇ ಕೆಲಸ, ನಾಲ್ಕೈದು ಸುತ್ತು ಆಗಬಹುದು. ಕೊನೆಗೆ ‘ಬಿ’ಯಲ್ಲಿ (ಬಟನ್ ಒತ್ತಿ ಹಿಡಿದಷ್ಟು ಹೊತ್ತು ಷಟರ್ ತೆರೆದಿರುವ ಸ್ಪೀಡ್) ತೆರೆದು ಹಿಡಿದು, ಬ್ಲೇಡ್ ಸರಿದು ಕೂರುವ ಅಂಚನ್ನೂ ಒರೆಸಿ.

ಮತ್ತೆ ಜೋಡಿಸುವ ಮೊದಲು 24 ಗಂಟೆ ಬಿಡಿ. ಇದನ್ನು ಬಿಟ್ಟವರೇ ‘ಸರಿಯಾಗಿತ್ತು, ಮತ್ತೆ ಹಾಳಾಯ್ತು’ ಅನ್ನೋದು.

ಗಾಜುಗಣ್ಣು:

ಮೂರು ಸುತ್ತಿಗೆ ಬ್ಲೇಡ್ ತೆರೆಯಿತು, ಸಂಜೆ ಎಲ್ಲ ಸ್ಪೀಡೂ ಹೊಡೆಯುತ್ತಿತ್ತು. ಬೆಳಿಗ್ಗೆ ಮೊದಲ ಹೊಡೆತಕ್ಕೆ ಮತ್ತೆ ಅಂಟಿದೆ, ಎರಡನೆಯದಕ್ಕೆ ತೆರೆಯಿತು. 4 ಮತ್ತು 8ರಲ್ಲಿ ‘ಝುಯ್’ ಅನ್ನುವ ಸದ್ದು ನಡುವೆ ಎಳೆಯುತ್ತೆ.

ಹಳೇಲೆನ್ಸ್:

ಇದು ನಿರೀಕ್ಷಿತವೇ. ಕರಗಿದ ಜಿಡ್ಡು ಬ್ಲೇಡಿನ ಹಿಂಬದಿಗೆ ಹೋಗಿ, ನಾಫ್ತಾ ಆರಿದ ಮೇಲೆ ಮತ್ತೆ ಹರಡಿದೆ. ಇನ್ನೆರಡು ಸುತ್ತು ಮಾಡಿ, ಈ ಸಲ ಕ್ಯಾಮೆರಾವನ್ನು ಲೆನ್ಸ್ ಕೆಳಮುಖವಾಗಿ ಇಟ್ಟು ಒಣಗಿಸಿ. ‘ಝುಯ್’ ಬರೋದು ನಿಧಾನ ಸ್ಪೀಡಿನ ಗೇರಿನಿಂದ. 15ಕ್ಕಿಂತ ಮೇಲಿನವು ಸರಿ ಇದ್ದರೆ ಸದ್ಯಕ್ಕೆ ಅದನ್ನು ಬಿಚ್ಚೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ಕೈಯಲ್ಲಿ ಹಿಡಿದು 4ರಲ್ಲಿ ತೆಗೆಯುವವರು ಯಾರು?

ಸ್ಪೀಡ್ ಅಳೆಯಲು ಫೋನಿನ ಸ್ಲೋಮೋಷನ್ ಸಾಕು. ಸೆಕೆಂಡಿಗೆ 240 ಫ್ರೇಮ್ ಇಟ್ಟು, ಹಿಂಬಾಗಿಲ ಕಡೆಯಿಂದ ಲೆನ್ಸಿನ ಬೆಳಕನ್ನು ಚಿತ್ರೀಕರಿಸಿ. 4ರಲ್ಲಿ ಸುಮಾರು 60 ಫ್ರೇಮ್ ಬೆಳಕಿರಬೇಕು, 30ರಲ್ಲಿ 8, 60ರಲ್ಲಿ 4. ಅದಕ್ಕಿಂತ ವೇಗದ್ದನ್ನು ಈ ದಾರಿಯಲ್ಲಿ ನಂಬಬೇಡಿ.

ಅಪರ್ಚರನ್ನೂ ನೋಡಿಬಿಡಿ. ‘ಬಿ’ ಇಟ್ಟು, 1.7, 4, 8, 16 ಹೀಗೆ ಒಂದೊಂದರಲ್ಲೂ ಬೇರೆ ಬೇರೆಯಾಗಿ ಒತ್ತಿ ಹಿಡಿದು ಹಿಂದಿನಿಂದ ನೋಡಿ. ರಂಧ್ರ ಪ್ರತಿ ಸಲ ಸಣ್ಣದಾಗಬೇಕು. ಆಗದಿದ್ದರೆ ಅಲ್ಲಿಗೂ ಜಿಡ್ಡು ಹೋಗಿದೆ.

ಮುಳ್ಳುಮೀಟರ್:

ಸೆಲ್ಲಿನ ವಿಷಯ ನಾನು ಹೇಳ್ತೀನಿ. ಆ ಅಲ್ಯುಮಿನಿಯಂ ಹಾಳೆ ಮೊದಲು ತೆಗೆಯಿರಿ. ಗುಂಡಿ ಸೆಲ್ಲಿನ ಪಕ್ಕದ ಗೋಡೆ ಪೂರ್ತಿ ಪ್ಲಸ್. ಹಾಳೆ ಸ್ವಲ್ಪ ಜಾರಿ ಮೈನಸ್ ಮುಖ ಮುಟ್ಟಿದರೆ ಶಾರ್ಟ್, ಹೊಸ ಸೆಲ್ಲೂ ಬೇಗ ಖಾಲಿ. ದೀಪ ಹತ್ತದಿರೋದಕ್ಕೆ ನನ್ನ ಮೊದಲ ಅನುಮಾನ ಅದರ ಮೇಲೇ.

ಆಮೇಲೆ ಸೆಲ್ ಕೂರುವ ಕುಳಿಯನ್ನು ಟಾರ್ಚ್ ಹಾಕಿ ನೋಡಿ. ಹಸಿರೋ ಬಿಳಿಯೋ ಪುಡಿ ಇದ್ದರೆ ಹಳೆ ಸೆಲ್ ಸೋರಿದೆ. ಸೋರಿದ್ದು ಕ್ಷಾರ, ಹಾಗಾಗಿ ವಿನಿಗರ್ ಅದ್ದಿದ ಇಯರ್‌ಬಡ್‌ನಿಂದ ಉಜ್ಜಿ. ನೊರೆ ನಿಂತ ಮೇಲೆ ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಸೆಲ್ ಮುಚ್ಚಳದ ತಿರುಪಿನ ಎಳೆಯನ್ನೂ ಬಿಡಬೇಡಿ, ಕರೆಂಟ್ ಅಲ್ಲಿಂದಲೂ ಹರಿಯುತ್ತೆ.

ಈ ಕ್ಯಾಮೆರಾ ಮಾಡಿರೋದು ಪಿಎಕ್ಸ್625 ಪಾದರಸದ ಸೆಲ್ಲಿಗೆ, 1.35 ವೋಲ್ಟ್. ಅದು ಈಗ ಸಿಗಲ್ಲ. ಎಲ್‌ಆರ್44 ಹೊಸದರಲ್ಲಿ 1.5 ವೋಲ್ಟ್. ವೋಲ್ಟ್ ಜಾಸ್ತಿಯಾದರೆ ಮುಳ್ಳು ಇರಬೇಕಾದ್ದಕ್ಕಿಂತ ಮೇಲೇಳುತ್ತೆ, ಕ್ಯಾಮೆರಾ ಬೆಳಕು ಜಾಸ್ತಿ ಇದೆ ಅಂದುಕೊಂಡು ಅಪರ್ಚರ್ ಮುಚ್ಚುತ್ತೆ, ನೆಗೆಟಿವ್ ತೆಳು ಬರುತ್ತೆ. ಐಎಸ್‌ಒ ಕಡಿಮೆ ಇಟ್ಟು ಸರಿದೂಗಿಸಿ ಅನ್ನೋರಿದ್ದಾರೆ. ನಾನು ಒಪ್ಪಲ್ಲ, ಯಾಕಂದರೆ ಕ್ಷಾರದ ಸೆಲ್ಲಿನ ವೋಲ್ಟ್ ಬಳಸಿದಂತೆಲ್ಲ ಇಳಿಯುತ್ತೆ. ಇವತ್ತಿನ ಲೆಕ್ಕ ಮುಂದಿನ ತಿಂಗಳಿಗೆ ತಪ್ಪು.

ಎರಡು ಒಳ್ಳೆ ದಾರಿ. ಕಿವಿ ಯಂತ್ರದ 675 ಜಿಂಕ್-ಏರ್ ಸೆಲ್, 1.4 ವೋಲ್ಟ್, ಕೊನೆಯವರೆಗೂ ಹೆಚ್ಚುಕಡಿಮೆ ಸಮ. ಅದರ ಅಗಲ 11.6 ಎಂಎಂ, ಕುಳಿ 16 ಎಂಎಂ ಸೆಲ್ಲಿನದು, ಆದ್ದರಿಂದ ಸುತ್ತಲೂ ರಬ್ಬರ್ ಓ-ರಿಂಗ್ ಹಾಕಿ ನಡುವೆ ಕೂರಿಸಬೇಕು. ಸ್ಟಿಕ್ಕರ್ ಕಿತ್ತು ಕೆಲವು ನಿಮಿಷ ಗಾಳಿಗೆ ಬಿಟ್ಟು ಹಾಕಿ, ತೂತು ಮುಚ್ಚಬೇಡಿ. ಒಮ್ಮೆ ಸ್ಟಿಕ್ಕರ್ ತೆಗೆದರೆ ಬಳಸಿದರೂ ಬಳಸದಿದ್ದರೂ ಕೆಲವೇ ವಾರಗಳ ಆಯಸ್ಸು. ಎರಡನೆಯದು ಒಳಗೆ ಡಯೋಡ್ ಇರುವ ಅಡಾಪ್ಟರ್, ಎಸ್‌ಆರ್44 ಸಿಲ್ವರ್ ಆಕ್ಸೈಡಿನ 1.55 ವೋಲ್ಟನ್ನು ಅದು ತಗ್ಗಿಸುತ್ತೆ. ದಿನಾ ಬಳಸೋದಾದರೆ ಇದೇ ಮೇಲು.

ಪರೀಕ್ಷೆ ಸುಲಭ. ನೆತ್ತಿ ಮೇಲೆ ಬಿಸಿಲಿದ್ದಾಗ ಐಎಸ್‌ಒ 100, ಸ್ಪೀಡ್ 500 ಇಟ್ಟು, ಬಿಸಿಲು ಬಿದ್ದ ಹುಲ್ಲಿನ ಕಡೆ ನೋಡಿ. ಮುಳ್ಳು 8ರ ಹತ್ತಿರ ನಿಲ್ಲಬೇಕು. 250ರಲ್ಲಿ 11, 125ರಲ್ಲಿ 16. ಮೂರರಲ್ಲೂ ಒಂದೇ ಕಡೆಗೆ ಒಂದೇ ಅಳತೆ ತಪ್ಪಿದರೆ ಅದನ್ನು ಐಎಸ್‌ಒದಲ್ಲಿ ತಿದ್ದಬಹುದು. ಒಂದೊಂದು ಒಂದೊಂದು ಕಡೆ ಹೋದರೆ ಮೀಟರನ್ನೇ ಮರೆತುಬಿಡಿ. ‘ಎ’ ಬಿಟ್ಟರೆ ಎಲ್ಲ ಸ್ಪೀಡೂ ಸೆಲ್ ಇಲ್ಲದೆಯೇ ಓಡುತ್ತೆ, ಅದೇ ಈ ಕ್ಯಾಮೆರಾದ ದೊಡ್ಡತನ.

ಗಾಜುಗಣ್ಣು:

ಕುಳಿಯಲ್ಲಿ ಹಸಿರು ಪುಡಿ ಇತ್ತು, ತೆಗೆದಾಯ್ತು. 675 ಹಾಕಿದ ಮೇಲೆ ದೀಪ ಹತ್ತಿತು, ‘ಎ’ಯಲ್ಲಿ ಬಟನ್ ಇಳಿಯಿತು. 500ಕ್ಕೆ 8, 125ಕ್ಕೆ 16ಕ್ಕಿಂತ ಒಂದು ಕೂದಲು ಕೆಳಗೆ. ಬ್ಲೇಡ್ ಎರಡು ದಿನದಿಂದ ಅಂಟಿಲ್ಲ. ರೀಲು ಹಾಕುವ ಮೊದಲು ಇನ್ನೇನು ನೋಡಲಿ?

ಹಳೇಲೆನ್ಸ್:

ಫೋಕಸ್. ಹಿಂಬಾಗಿಲು ತೆಗೆದು, ಫಿಲ್ಮ್ ಕೂರುವ ಹಳಿಗಳ ಮೇಲೆ ಮಸುಕು ಸೆಲ್ಲೋಟೇಪನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಅಂಟಿಸಿ. ‘ಬಿ’, ಎಫ್1.7, ಲಾಕ್ ಆಗುವ ಕೇಬಲ್ ರಿಲೀಸ್, ಕ್ಯಾಮೆರಾ ಸ್ಟ್ಯಾಂಡಿನ ಮೇಲೆ. ದೂರದ ಕಂಬವೊಂದನ್ನು ರೇಂಜ್‌ಫೈಂಡರಿನಲ್ಲಿ ಎರಡು ಬಿಂಬ ಒಂದಾಗುವಂತೆ ಕೂಡಿಸಿ, ಟೇಪಿನ ಮೇಲೆ ಬಿದ್ದ ಬಿಂಬವನ್ನು ಭೂತಗನ್ನಡಿಯಲ್ಲಿ ನೋಡಿ. ಆಮೇಲೆ 0.8 ಮೀಟರಿನಲ್ಲಿ ಒಂದು ಅಚ್ಚಾದ ಅಕ್ಷರ ಇಟ್ಟು ಅದೇ ರೀತಿ. ಎರಡೂ ಕಡೆ ಅಂಚು ಚೂಪಾಗಿದ್ದರೆ ಮುಗಿಯಿತು. ಬಿಂಬ ಕೂಡುವ ಹಳದಿ ಚೌಕ ಮಂಕಾಗಿದೆ ಅಂತ ಒಳಗಿನ ಕನ್ನಡಿಗೆ ನಾಫ್ತಾ ಹಚ್ಚೀರಿ ಜೋಕೆ, ಲೇಪ ಎದ್ದು ಬರುತ್ತೆ. ಬರೀ ಗಾಳಿ ಊದಿ.

ಹಿಂಬಾಗಿಲ ಸ್ಪಂಜು ಬೆರಳಿಗೆ ಟಾರಿನ ಹಾಗೆ ಹತ್ತಿದರೆ ಆಲ್ಕೊಹಾಲ್, ಹಲ್ಲುಕಡ್ಡಿ ಹಿಡಿದು ತೆಗೆದು, ಕೀಲಿನ ಕಡೆಗೆ ಹೊಸ ಸ್ಪಂಜು, ಬಾಗಿಲ ಅಂಚು ಕೂರುವ ಸೀಳುಗಳಿಗೆ ಕಪ್ಪು ಉಲ್ಲನ್ ನೂಲು ಹಾಕಿ. ಇಲ್ಲದಿದ್ದರೆ ಕಲರ್ ನೆಗೆಟಿವ್ ಪ್ರಿಂಟಿನ ಅಂಚಿಗೆ ಕಿತ್ತಳೆ ಗೆರೆ ಬರುತ್ತೆ.

ಮುಳ್ಳುಮೀಟರ್:

ಬಳಸದಾಗ ರಿಂಗನ್ನು ‘ಎ’ಯಿಂದ ಆಚೆ ಇಡಿ, ಮೀಟರ್ ಆಫ್ ಆಗೋದು ಅದರಿಂದಲೇ. ಬೇರೆ ಸ್ವಿಚ್ ಇಲ್ಲ.