ಮೊದಲ ಬೇಟೆ ರೈಫಲ್, ಅದಕ್ಕೊಪ್ಪುವ ಸ್ಕೋಪ್: ಹಣ ಯಾವುದಕ್ಕೆ ಹಾಕಬೇಕು?

ಕೇಳಿದ್ದು: ಬಿಡುವಿದ್ದಾಗ ರೇಂಜಿನಲ್ಲಿ ಗುರಿ ಹೊಡೆಯುವ ಹವ್ಯಾಸ. ಕಾನೂನು ಒಪ್ಪುವ ಜಾಗದಲ್ಲಿ ಅಪರೂಪಕ್ಕೆ ಜಿಂಕೆ ಬೇಟೆಗೂ ಆಗಬೇಕು. ಪರವಾನಗಿ ಇದೆ, ದೂರ 200 ಮೀಟರ್ ದಾಟುವುದಿಲ್ಲ. ಯಾವ ಕ್ಯಾಲಿಬರ್ (ನಳಿಗೆ, ತೋಟಾದ ಅಳತೆ), ಯಾವ ಸ್ಕೋಪ್ (ರೈಫಲ್ ಮೇಲೆ ಕೂರಿಸುವ ಗುರಿ ದುರ್ಬೀನು) ಕೊಳ್ಳಲಿ?

ಉತ್ತರ 1: ಬೋಲ್ಟ್ ಆಕ್ಷನ್, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಹಿಡಿಕೆ ಎಳೆದು ತೋಟಾ ತುಂಬುವ ರೈಫಲ್ ತಗೊಳ್ಳಿ. .243 ವಿಂಚೆಸ್ಟರ್, 6.5 ಕ್ರೀಡ್‌ಮೂರ್, .308 ವಿಂಚೆಸ್ಟರ್, ಈ ಮೂರರಲ್ಲಿ ಯಾವುದಾದರೂ ಆ ದೂರಕ್ಕೆ ಧಾರಾಳ ಸಾಕು. ಜಿಂಕೆಗೆ ಇಂತಿಷ್ಟೇ ಕನಿಷ್ಠ ಕ್ಯಾಲಿಬರ್ ಇರಬೇಕೆಂಬ ನಿಯಮ ಹಲವೆಡೆ ಇದೆ, ಅದನ್ನು ಮೊದಲು ನೋಡಿಕೊಳ್ಳಿ. ಮ್ಯಾಗ್ನಮ್ (ಹೆಚ್ಚು ಮದ್ದಿನ ಜೋರಾದ ತೋಟಾ) ಕಡೆ ತಲೆ ಹಾಕಬೇಡಿ. ಭುಜಕ್ಕೆ ಜೋರಾಗಿ ಒದೆಯುವ ರೈಫಲ್‌ನಿಂದ ಕುದುರೆ (ಟ್ರಿಗರ್) ಎಳೆಯುವ ಮುಂಚೆಯೇ ಬೆಚ್ಚುವ ಚಾಳಿ ಹತ್ತುತ್ತದೆ, ಹತ್ತಿದರೆ ಬಿಡಿಸುವುದು ಕಷ್ಟ. ಅಂಗಡಿಯಲ್ಲಿ ರೈಫಲ್ ಖಾಲಿ ಇದೆಯೆಂದು ನೋಡಿ, ಕಣ್ಣು ಮುಚ್ಚಿ ಭುಜಕ್ಕಿಟ್ಟು, ಕೆನ್ನೆ ಒರಗಿಸಿ ಕಣ್ಣು ತೆರೆಯಿರಿ. ಕತ್ತು ಎತ್ತದೆ, ಚಾಚದೆ ಸ್ಕೋಪಿನ ಚಿತ್ರ ಪೂರ್ತಿ ಕಂಡರೆ ಸ್ಟಾಕ್ (ಭುಜಕ್ಕಿಡುವ ಹಿಡಿಯ ಭಾಗ) ನಿಮ್ಮ ಅಳತೆಯದು.

ಉತ್ತರ 2: ನಾನು ಬೇರೆ ಹೇಳುತ್ತೇನೆ. ಮೊದಲು .22 ಎಲ್‌ಆರ್ (ಚಿಕ್ಕ ತೋಟಾದ ರೈಫಲ್) ಕೊಳ್ಳಿ. ತೋಟಾ ಅಗ್ಗ, ಒದೆತ ಇಲ್ಲವೆನ್ನುವಷ್ಟು ಕಡಿಮೆ. 50 ಮೀಟರಿಗೆ ಜೀರೋ ಮಾಡಿದರೆ (ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸಿದರೆ) 100 ಮೀಟರಿನಲ್ಲಿ ಗುಂಡು 15–20 ಸೆಂ.ಮೀ. ಕೆಳಗೆ ಬೀಳುತ್ತದೆ, ಹಾಗಾಗಿ ಇಳಿತದ ಲೆಕ್ಕ ಬೇಗ ಕಲಿಯುತ್ತೀರಿ. ಜಿಂಕೆಗೆ ಇದು ಖಂಡಿತ ಬೇಡ. ಪ್ರಾಣಿ ಗಾಯಗೊಂಡು ಓಡಿಹೋಗಿ ನರಳುತ್ತದೆ. ಚಿಕ್ಕದೆಂದು ಸಡಿಲ ಬಿಡುವಂತೆಯೂ ಇಲ್ಲ: ಇದರ ಗುಂಡು ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು, ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು.

ಉತ್ತರ 3: ಸ್ಕೋಪಿಗೆ 3-9×40 ಸಾಕು, ಅಂದರೆ 3ರಿಂದ 9 ಪಟ್ಟು ದೊಡ್ಡದು ಮಾಡುವ, ಮುಂದಿನ ಲೆನ್ಸ್ 40 ಮಿ.ಮೀ. ಇರುವುದು. 24 ಪಟ್ಟು ದೊಡ್ಡದು ಮಾಡುವ ಸ್ಕೋಪ್ ಕೈನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಲೆನ್ಸಿನ ಮಿಲಿಮೀಟರನ್ನು ಪಟ್ಟಿನಿಂದ ಭಾಗಿಸಿ: 40ನ್ನು 9ರಿಂದ ಭಾಗಿಸಿದರೆ 4.4 ಮಿ.ಮೀ., 4ರಿಂದ ಭಾಗಿಸಿದರೆ 10. ಕಣ್ಣಿಗೆ ಬರುವ ಬೆಳಕಿನ ಕಂಬ ಅಷ್ಟು ಅಗಲ. ಮಬ್ಬು ಹೊತ್ತಿನಲ್ಲಿ ಚಿತ್ರ ಕಪ್ಪಾದರೆ ಪಟ್ಟು ಇಳಿಸಿ. ಕಣ್ಣಿಗೂ ಸ್ಕೋಪಿಗೂ ಸುಮಾರು 9 ಸೆಂ.ಮೀ. ಅಂತರ ಸಿಗಬೇಕು, ಇಲ್ಲವಾದರೆ ಒದೆತಕ್ಕೆ ಸ್ಕೋಪ್ ಬಡಿದು ಹುಬ್ಬು ಹರಿಯುತ್ತದೆ. ಪ್ಯಾರಲಾಕ್ಸ್ (ಕಣ್ಣು ಅಲುಗಿದರೆ ಗುರಿಗೆರೆ ಗುರಿಯ ಮೇಲೆ ಜರುಗಿದಂತೆ ಕಾಣುವುದು) ಯಾವ ದೂರಕ್ಕೆ ಸರಿಪಡಿಸಿದೆಯೆಂದು ನೋಡಿ ಕೊಳ್ಳಿ: .22ರ ಸ್ಕೋಪನ್ನು ಸಾಮಾನ್ಯವಾಗಿ 50 ಗಜಕ್ಕೂ ದೊಡ್ಡ ರೈಫಲಿನದನ್ನು 100 ಗಜಕ್ಕೂ ಹೊಂದಿಸಿರುತ್ತಾರೆ.

ಉತ್ತರ 4: ಜನ ರೈಫಲ್, ಸ್ಕೋಪ್ ಆರಿಸಲು ತಿಂಗಳುಗಟ್ಟಲೆ ಕಳೆದು, ಸ್ಕೋಪನ್ನು ಹಿಡಿದಿಡುವ ರಿಂಗುಗಳಿಗೆ ಸಿಕ್ಕಿದ್ದು ಹಾಕುತ್ತಾರೆ. ‘ಸ್ಕೋಪ್ ಹಾಳು’ ಎಂದು ವಾಪಸ್ ತರುವುದರಲ್ಲಿ ಎಷ್ಟೋ ಸ್ಕ್ರೂ ಸಡಿಲವಾದದ್ದೇ. ಟ್ಯೂಬ್ 25.4 ಮಿ.ಮೀ. ಇದ್ದರೆ ಅದೇ ಅಳತೆಯ ರಿಂಗ್, 30 ಇದ್ದರೆ 30. ಬೇಸಿನ (ರೈಫಲ್ ಮೇಲೆ ರಿಂಗ್ ಕೂರುವ ತಳಪಟ್ಟಿಯ) ಸ್ಕ್ರೂ, ಅದು ಕೂರುವ ತೂತು ಎರಡರ ಎಣ್ಣೆಯನ್ನೂ ಒರೆಸಿ. ತಯಾರಕರು ಬೇರೆ ಹೇಳದಿದ್ದರೆ ಬೇಸಿಗೆ 2.3 ನ್ಯೂಟನ್ ಮೀಟರ್, ರಿಂಗಿನ ಮುಚ್ಚಳಕ್ಕೆ 1.7ರಿಂದ 2. ಟಾರ್ಕ್ ಸ್ಕ್ರೂಡ್ರೈವರ್ (ಎಷ್ಟು ಬಿಗಿಯೆಂದು ಅಳೆಯುವುದು) ಇಲ್ಲದೆ ಕೈಯಂದಾಜಿನಲ್ಲಿ ಅತಿಯಾಗಿ ಬಿಗಿದರೆ ಟ್ಯೂಬ್ ನಜ್ಜಾಗಿ ಒಳಗಿನ ಹೊಂದಾಣಿಕೆ ಕಚ್ಚಿಕೊಳ್ಳಬಹುದು. ಮುಚ್ಚಳದ ಎರಡೂ ಬದಿಯ ಸಂದು ಸಮ ಇರಲಿ. ಒಂದು ಬದಿ ಮೊದಲು ಬಿಗಿದರೆ ಸ್ಕೋಪ್ ತಿರುಗಿ, ರೆಟಿಕಲ್ (ಒಳಗೆ ಕಾಣುವ ಗುರಿಗೆರೆ) ವಾಲುತ್ತದೆ. ನಳಿಗೆಗೂ ಸ್ಟಾಕಿಗೂ ನಡುವೆ ಕಾಗದ ತೂರಿಸಿ ನೋಡಿ. ನಳಿಗೆ ತಾಗದಂತೆ ಮಾಡಿದ ಸ್ಟಾಕಿನಲ್ಲಿ ಕಾಗದ ಸಿಕ್ಕಿಕೊಂಡರೆ, ನಳಿಗೆ ಬಿಸಿಯಾದಂತೆ ಗುಂಡುಗಳು ಒಂದೇ ಕಡೆಗೆ ಸರಿಯುತ್ತಾ ಹೋಗಬಹುದು. ನನ್ನ ಲೆಕ್ಕದಲ್ಲಿ ಸ್ಕೋಪ್, ರಿಂಗ್ ಸೇರಿ ರೈಫಲಿನಷ್ಟೇ ಬೆಲೆ ಆದರೂ ದುಬಾರಿಯಲ್ಲ.

ಉತ್ತರ 5: ಜೀರೋ ಮಾಡುವಾಗ 25 ಮೀಟರಿನಿಂದ ಶುರು ಮಾಡಿ. ಬೋಲ್ಟ್ ತೆಗೆದು ನಳಿಗೆಯೊಳಗಿಂದ ಗುರಿ ನೋಡಿ, ರೈಫಲ್ ಅಲುಗಿಸದೆ ರೆಟಿಕಲನ್ನು ಅಲ್ಲಿಗೆ ತನ್ನಿ. ಸ್ಕೋಪಿನ ತಿರುಗಣಿಯ ಕಾಲು ಎಂಒಎ (ಎಂಒಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ ಅಂದರೆ 100 ಮೀಟರಿಗೆ 7 ಮಿ.ಮೀ., 25 ಮೀಟರಿಗೆ 1.8. ಅಂದರೆ ಅಲ್ಲಿ 5 ಸೆಂ.ಮೀ. ತಪ್ಪಿದರೆ ಸುಮಾರು 28 ಕ್ಲಿಕ್. ಒಂದೇ ಗುಂಡು ನೋಡಿ ತಿರುಗಿಸಬೇಡಿ. ಮೂರು ಹೊಡೆದು ನಡುಬಿಂದು ಹಿಡಿಯಿರಿ. ಆಮೇಲೆ 100 ಮೀಟರ್. ತಣ್ಣಗಿನ ನಳಿಗೆಯ ಮೊದಲ ಗುಂಡು ಎಲ್ಲಿ ಬಿತ್ತೆಂದು ಪ್ರತ್ಯೇಕ ಬರೆದಿಡಿ, ಬೇಟೆಯಲ್ಲಿ ಹಾರಿಸುವುದು ಅದನ್ನೇ. ಎರಡು ಮೂರು ಬಗೆಯ ತೋಟಾ ಒಂದೊಂದು ಪೆಟ್ಟಿಗೆ ತಂದು ಹೋಲಿಸಿ, ಒತ್ತಾಗಿ ಬಿದ್ದದ್ದನ್ನೇ ಉಳಿಸಿಕೊಳ್ಳಿ. ತೋಟಾ ಬದಲಿಸಿದರೆ ಜೀರೋ ಮತ್ತೆ ಮಾಡಬೇಕು.